ನನ್ನ ಯೂಟ್ಯೂಬ್ ಚಾನೆಲ್‌ಗೆ ಹತ್ತು ಸಾವಿರ ಸಬ್‌ಸ್ಕ್ರೈಬರ್‌ಗಳಿದ್ದಾರೆ. ಒಂದು ಕಂಪನಿ ಸ್ಪಾನ್ಸರ್ ಮಾಡ್ತೀವಿ, ರೇಟ್ ಹೇಳಿ ಅಂದಿದೆ. ಎಷ್ಟು ಹೇಳಲಿ? ಬೇರೆ ಸ್ಪಾನ್ಸರ್‌ಗಳನ್ನು ಎಲ್ಲಿ ಹುಡುಕಲಿ?

ಸಬ್‌ಸ್ಕ್ರೈಬರ್ ಲೆಕ್ಕ ಮೊದಲು ಪಕ್ಕಕ್ಕಿಡಿ. ನನಗೆ ಮೊದಲ ಮೇಲ್ ಬಂದಾಗ ನಾನೂ ಅಲ್ಲಿಂದಲೇ ಶುರು ಮಾಡಿದ್ದೆ. ಇಷ್ಟು ಸಬ್‌ಸ್ಕ್ರೈಬರ್‌ಗೆ ಇಷ್ಟು ರೇಟ್ ಅಂತ ರಾತ್ರಿಯೆಲ್ಲ ಹುಡುಕಿದೆ. ಸಿಕ್ಕ ಅಂಕಿಯನ್ನು ಅರ್ಧ ಮಾಡಿ, ಅದನ್ನೂ ಹೆದರುತ್ತಲೇ ಕಳಿಸಿದೆ. ಅವರು ಒಂದೂ ಮಾತಾಡದೆ ಒಪ್ಪಿಕೊಂಡರು. ರೇಟ್ ಕಮ್ಮಿಯಾಯ್ತು ಅಂತ ಆಗಲೇ ಗೊತ್ತಾಯ್ತು, ಆದರೆ ಆ ನಷ್ಟ ಸಣ್ಣದು. ದೊಡ್ಡ ಪೆಟ್ಟು ಬೇರೆ ಕಡೆಯಿಂದ ಬಂತು.

ನನ್ನದು ವಿಡಿಯೋ ಎಡಿಟಿಂಗ್ ಹೇಳಿಕೊಡುವ ಚಾನೆಲ್. ಬಂದದ್ದು ಒಂದು ಎಡಿಟಿಂಗ್ ಸಾಫ್ಟ್‌ವೇರ್ ಕಂಪನಿ. ವಿಡಿಯೋ ಮಧ್ಯೆ ಒಂದು ನಿಮಿಷ ಅವರ ಬಗ್ಗೆ ಮಾತಾಡಬೇಕು, ಡಿಸ್ಕ್ರಿಪ್ಷನ್‌ನಲ್ಲಿ ಲಿಂಕ್ ಹಾಕಬೇಕು. ಮೇಲ್‌ನಲ್ಲಿ ಇದ್ದದ್ದು ಇಷ್ಟೇ. ಆಮೇಲೆ ಉದ್ದನೆಯ ಅಗ್ರಿಮೆಂಟ್ ಬಂತು. ದುಡ್ಡಿನ ಅಂಕಿ ನೋಡಿದೆ, ನನ್ನ ಹೆಸರಿನ ಸ್ಪೆಲಿಂಗ್ ನೋಡಿದೆ, ಸಹಿ ಹಾಕಿದೆ.

ನಾನು ಓದದೆ ಬಿಟ್ಟ ಕಡೆ ಎರಡು ಷರತ್ತುಗಳಿದ್ದವು. ಮೊದಲನೆಯದು, ಆ ವಿಡಿಯೋವನ್ನೋ ಅದರ ತುಣುಕನ್ನೋ ಕಂಪನಿ ಯಾವ ಮಾಧ್ಯಮದಲ್ಲಿ ಬೇಕಾದರೂ, ಶಾಶ್ವತವಾಗಿ ಬಳಸಬಹುದು. ಎರಡನೆಯದು, ಒಂದು ವರ್ಷ ಇದೇ ಬಗೆಯ ಬೇರೆ ಕಂಪನಿಯ ಪ್ರಚಾರ ನಾನು ಮಾಡುವಂತಿಲ್ಲ. ಇದೇ ಬಗೆ ಅಂದರೆ ವಿಡಿಯೋ, ಆಡಿಯೋ, ಫೋಟೋ, ಗ್ರಾಫಿಕ್ಸ್ ಎಲ್ಲ ಸೇರಿತ್ತು. ಎಡಿಟಿಂಗ್ ಹೇಳಿಕೊಡುವವನಿಗೆ ಇನ್ಯಾರು ಸ್ಪಾನ್ಸರ್ ಮಾಡುತ್ತಾರೆ ಹೇಳಿ? ಒಂದು ದಿನದ ಬಾಡಿಗೆ ಇಸ್ಕೊಂಡು ಮನೆಯನ್ನೇ ಬರೆದುಕೊಟ್ಟ ಹಾಗಾಯ್ತು.

ಸ್ವಲ್ಪ ದಿನಕ್ಕೆ ನನ್ನ ಮುಖ ಎಲ್ಲೆಲ್ಲೂ ಜಾಹೀರಾತಾಗಿ ಓಡತೊಡಗಿತು. ನನ್ನ ಒಂದು ನಿಮಿಷದಿಂದ ಕೆಲವೇ ಸೆಕೆಂಡ್ ಕತ್ತರಿಸಿ, ದುಡ್ಡು ಹಾಕಿ ಓಡಿಸುತ್ತಿದ್ದರು. ನನ್ನ ಚಾನೆಲ್ ಹೆಸರೇ ಕೇಳದವರಿಗೂ ಅದು ತಲುಪಿತು. ಅಂಥ ಜಾಹೀರಾತನ್ನು ಅವರೇ ಮಾಡಿಸಿದ್ದರೆ ಕ್ಯಾಮೆರಾ, ನಟ, ಎಡಿಟರ್ ಅಂತ ಎಲ್ಲರಿಗೂ ದುಡ್ಡು ಕೊಡಬೇಕಿತ್ತು. ನನಗೆ ಕೊಟ್ಟದ್ದು ಒಂದು ವಿಡಿಯೋದ ಅರ್ಧ ರೇಟ್. ಇನ್ನೂ ಮುಜುಗರ ಅಂದರೆ, ಕೆಲವು ತಿಂಗಳ ನಂತರ ನಾನು ಆ ಸಾಫ್ಟ್‌ವೇರ್ ಬಿಟ್ಟೆ, ಜಾಹೀರಾತು ಮಾತ್ರ ನಿಲ್ಲಲಿಲ್ಲ. ‘ಜಾಹೀರಾತಲ್ಲಿ ಅದು ಚೆನ್ನಾಗಿದೆ ಅಂತೀರಿ, ವಿಡಿಯೋದಲ್ಲಿ ಬೇರೆಯದು ಬಳಸ್ತೀರಿ, ಏನ್ ಸಾರ್ ಇದು?’ ಅಂತ ನೋಡುಗರು ಕೇಳಿದರೆ ಏನು ಹೇಳೋದು? ತೆಗೆಸೋಕೆ ನನಗೆ ಹಕ್ಕಿರಲಿಲ್ಲ.

ಅದೇ ಹೊತ್ತಿಗೆ ನಾನು ದಿನಾ ಬಳಸುವ, ನಿಜಕ್ಕೂ ಇಷ್ಟಪಡುವ ಒಂದು ಪ್ಲಗಿನ್ (ಎಡಿಟಿಂಗ್ ಸಾಫ್ಟ್‌ವೇರ್‌ಗೆ ಸೇರಿಸುವ ಸಣ್ಣ ಪ್ರೋಗ್ರಾಂ) ಕಂಪನಿಯವರು ಸಾಲಾಗಿ ಕೆಲವು ವಿಡಿಯೋ ಮಾಡೋಣ ಅಂದರು. ಆಗಲ್ಲ ಅನ್ನಬೇಕಾಯ್ತು. ವರ್ಷ ಮುಗಿಯುವಷ್ಟರಲ್ಲಿ ಅವರು ಬೇರೆಯವರನ್ನು ಹಿಡಿದಿದ್ದರು. ಹೊಟ್ಟೆ ಉರಿದದ್ದು ಇನ್ನೊಬ್ಬ ಕ್ರಿಯೇಟರ್ ಜೊತೆ ಮಾತಾಡಿದಾಗ. ಅದೇ ಕಂಪನಿ ಅವರಿಗೂ ಅದೇ ಕಾಗದ ಕಳಿಸಿತ್ತಂತೆ. ‘ಇವೆರಡೂ ಬೇಡ’ ಅಂತ ಅವರು ಒಂದು ಸಾಲಿನ ಮೇಲ್ ಹಾಕಿದರಂತೆ, ಕಂಪನಿ ತೆಗೆದೇಬಿಟ್ಟಿತಂತೆ. ಎಲ್ಲರಿಗೂ ಕಳಿಸುವ ಮಾದರಿ ಕಾಗದ ಅದು. ಕೇಳಿದರೆ ಸಾಕಿತ್ತು.

ಅದಕ್ಕೇ ಎಷ್ಟು ಹೇಳಲಿ ಅನ್ನುವ ನಿಮ್ಮ ಪ್ರಶ್ನೆ ಬೇಗ ಆಯ್ತು ಅನ್ನುತ್ತೇನೆ. ಅವರು ಏನೇನು ಕೊಳ್ಳುತ್ತಿದ್ದಾರೆ ಅಂತ ತಿಳಿಯದೆ ಬೆಲೆ ಹೇಳೋದು ಹೇಗೆ?

ನಾನೀಗ ಹಿಂದಿನ ಹತ್ತು ಹನ್ನೆರಡು ವಿಡಿಯೋ ತೆಗೆದುಕೊಂಡು, ಮೊದಲ 30 ದಿನದಲ್ಲಿ ಪ್ರತಿಯೊಂದಕ್ಕೂ ಬಂದ ವ್ಯೂ ನೋಡುತ್ತೇನೆ. ಅಕಸ್ಮಾತ್ ವೈರಲ್ ಆದದ್ದನ್ನು ಬಿಟ್ಟು ಸರಾಸರಿ ಹಿಡಿಯುತ್ತೇನೆ. ಸಾವಿರ ವ್ಯೂಗೆ ಇಷ್ಟು ಅಂತ ಅದರ ಮೇಲೆ ಲೆಕ್ಕ. ಆ ‘ಇಷ್ಟು’ ಯೂಟ್ಯೂಬ್ ಸ್ಟುಡಿಯೋದಲ್ಲಿ ಕಾಣುವ ಆರ್‌ಪಿಎಂ, ಅಂದರೆ ಸಾವಿರ ವ್ಯೂಗೆ ಯೂಟ್ಯೂಬ್‌ನಿಂದ ನಮಗೆ ಬರುವ ದುಡ್ಡು, ಅಂತ ಮಾತ್ರ ತಿಳಿಯಬೇಡಿ. ಉದ್ದದ ವಿಡಿಯೋದ (ಶಾರ್ಟ್ಸ್ ಅಲ್ಲ) ಜಾಹೀರಾತು ಆದಾಯದಲ್ಲಿ ಯೂಟ್ಯೂಬ್ 55% ನಮಗೆ ಕೊಡುತ್ತದೆ, ಆದರೆ ಆ ಜಾಹೀರಾತು ಯಾರದೋ, ಹೇಳುವವರು ಯಾರೋ. ಸ್ಪಾನ್ಸರ್‌ಗೆ ಬೇಕಿರುವುದು ನಿಮ್ಮ ಬಾಯಿಂದ ಬರುವ ಮಾತು. ಅದಕ್ಕೆ ಜಾಸ್ತಿಯೇ ಕೇಳಿ. ಕೊಳ್ಳುವ ಮನಸ್ಸಿರುವವರೇ ನೋಡುವ ಸಣ್ಣ ಚಾನೆಲ್‌ಗೆ, ಸುಮ್ನೆ ನಕ್ಕು ಹೋಗುವವರ ದೊಡ್ಡ ಚಾನೆಲ್‌ಗಿಂತ ಒಳ್ಳೆಯ ರೇಟ್ ಸಿಗುವುದುಂಟು.

ಇದು ನಿಮ್ಮ ಚಾನೆಲ್‌ನಲ್ಲಿ ತೋರಿಸುವುದರ ಬೆಲೆ, ಅಷ್ಟೇ. ತುಣುಕನ್ನು ಅವರ ಜಾಹೀರಾತಿಗೆ ಬಳಸಬೇಕೆಂದರೆ ಬೇರೆ ದುಡ್ಡು, ಅದೂ 30 ಅಥವಾ 90 ದಿನ ಅಂತ ಗಡುವಿಟ್ಟು. ಬೇರೆ ಕಂಪನಿ ಮಾಡಬಾರದು ಅಂದರೆ ಯಾವ ಯಾವ ಕಂಪನಿ ಅಂತ ಹೆಸರು ಬರೆಸಿ, ಅಷ್ಟು ದಿನ ನಿಮಗೆ ತಪ್ಪುವ ಸಂಪಾದನೆಯನ್ನು ಸೇರಿಸಿ. ಅವರು ಕೇಳುವ ತಿದ್ದುಪಡಿ ಸ್ಕ್ರಿಪ್ಟ್‌ಗೆ ಒಂದು ಸಲ, ವಿಡಿಯೋಗೆ ಒಂದು ಸಲ ಸಾಕು. ಅರ್ಧ ದುಡ್ಡು ಮುಂಚೆ ತಗೊಳ್ಳಿ. ‘ನೆಟ್ 60’ ಅಂತ ಇದ್ದರೆ ಇನ್‌ವಾಯ್ಸ್ ಕೊಟ್ಟ 60 ದಿನದೊಳಗೆ ಅಂತ, ಅದನ್ನೂ ಕಮ್ಮಿ ಮಾಡಿಸಬಹುದು. ಬರೀ ಕಮಿಷನ್ ಕೊಡ್ತೀವಿ ಅನ್ನುವವರಿಗೆ ನಾನು ಬೇಡ ಅನ್ನುತ್ತೇನೆ. ಮಾಲು ಹೋಗದಿದ್ದರೆ ನಷ್ಟವೆಲ್ಲ ನಮ್ಮ ಪಾಲಿಗೆ.

ಸ್ಪಾನ್ಸರ್ ಹುಡುಕೋದಕ್ಕೆ, ಕ್ರಿಯೇಟರ್‌ಗಳನ್ನೂ ಕಂಪನಿಗಳನ್ನೂ ಜೋಡಿಸುವ ಮಾರ್ಕೆಟ್‌ಪ್ಲೇಸ್ ಸೈಟ್‌ಗಳಲ್ಲಿ ಹೆಸರು ಬರೆಸಿ ಕಾಯೋದು ನನಗೆ ಹಿಡಿಸಲ್ಲ. ಅಲ್ಲಿ ಎಲ್ಲರೂ ರೇಟ್ ಇಳಿಸುತ್ತಲೇ ಇರುತ್ತಾರೆ. ನಿಮ್ಮಷ್ಟೇ ದೊಡ್ಡ ಚಾನೆಲ್‌ಗಳ ಡಿಸ್ಕ್ರಿಪ್ಷನ್ ಓದಿ. ಯಾವ ಕಂಪನಿ ಈಗಾಗಲೇ ದುಡ್ಡು ಕೊಡುತ್ತಿದೆ ಅಂತ ಅಲ್ಲೇ ಸಿಗುತ್ತದೆ. ನೀವು ಹೇಗೂ ಬಳಸುವ ವಸ್ತುವಿಗೆ ಕ್ಲಿಕ್ ಎಣಿಸುವ ಲಿಂಕ್ ಹಾಕಿ, ಕೆಲವು ತಿಂಗಳು ಬಿಟ್ಟು ಆ ಅಂಕಿಯನ್ನೇ ಕಂಪನಿಗೆ ಕಳಿಸಿ. ಜೊತೆಗೆ ಯಾರು ನೋಡುತ್ತಾರೆ, ಸರಾಸರಿ ವ್ಯೂ ಎಷ್ಟು, ಯಾವ ವಿಡಿಯೋ ಮಾಡಬೇಕೆಂದಿದ್ದೀರಿ, ಇಷ್ಟು ಬರೆದರೆ ಆಯ್ತು. ‘ನಿಮ್ಮ ಬ್ರ್ಯಾಂಡ್ ಅಂದ್ರೆ ನನಗೆ ಪ್ರಾಣ’ ಅನ್ನೋದೆಲ್ಲ ಬೇಡ. ಇನ್ನು, ಸ್ಪಾನ್ಸರ್ ಇದ್ದ ವಿಡಿಯೋಗೆ ಯೂಟ್ಯೂಬ್‌ನ ಪೇಯ್ಡ್ ಪ್ರಮೋಷನ್ ಗುರುತು (ದುಡ್ಡು ಪಡೆದ ಪ್ರಚಾರ ಅಂತ ನೋಡುಗರಿಗೆ ತಿಳಿಸುವುದು) ಹಾಕಲೇಬೇಕು. ಹಾಕಬೇಡಿ ಅನ್ನುವ ಕಂಪನಿಯನ್ನು ಅಲ್ಲಿಗೇ ಬಿಡಿ.

ಈಗ ಬಂದಿರುವ ಮೇಲ್ ಅಸಲಿಯಾ ಅಂತ ಮೊದಲು ನೋಡಿ. ಸ್ಪಾನ್ಸರ್ ಅಂತ ಹೇಳಿ ಫೈಲ್ ತೆರೆಸಿ, ಲಾಗಿನ್ ನೆನಪಿಡುವ ಬ್ರೌಸರ್ ಕುಕೀ ಕದ್ದು ಚಾನೆಲ್‌ಗಳನ್ನೇ ಕಬಳಿಸುವವರ ಬಗ್ಗೆ 2021ರಲ್ಲಿ ಗೂಗಲ್ ತಂಡವೇ ಬರೆದಿತ್ತು. ಯಾವ ಫೈಲನ್ನೂ ತೆರೆಯಬೇಡಿ, ಮೇಲ್ ವಿಳಾಸ ಕಂಪನಿಯದ್ದೇನಾ ನೋಡಿ. ಅಸಲಿ ಅನ್ನಿಸಿದರೆ ರೇಟ್ ಹೇಳದೆ ಕೇಳಿ: ಎಷ್ಟು ನಿಮಿಷ ಬೇಕು, ಎಲ್ಲೆಲ್ಲಿ ಬಳಸುತ್ತೀರಿ, ಎಷ್ಟು ದಿನ, ಬೇರೆ ಕಂಪನಿಗೆ ತಡೆ ಇದೆಯಾ, ದುಡ್ಡು ಯಾವಾಗ, ಬಜೆಟ್ ಎಷ್ಟು. ಉತ್ತರ ಬರದಿದ್ದರೆ ಒಂದು ವಾರ ಬಿಟ್ಟು ಇನ್ನೊಂದು ಮೇಲ್ ಹಾಕಿ. ಅದಕ್ಕೂ ಸುದ್ದಿಯಿಲ್ಲ ಅಂದರೆ ಒಂದೇ ಮೇಲನ್ನು ನೂರು ಜನಕ್ಕೆ ಕಳಿಸಿದವರು ಅವರು, ಬಿಟ್ಟುಬಿಡಿ.