ಜಲವರ್ಣ ಚಿತ್ರ ಬಿಗಿಯಾಗಿ, ಬಣ್ಣ ಮಂಕಾಗಿ ಬರುತ್ತಿದ್ದರೆ
ಸೂಕ್ಷ್ಮದರ್ಶಕದ ಮುಂದೆ ವೃತ್ತಿಜೀವನ ಕಳೆದು ಮತ್ತೆ ಜಲವರ್ಣಕ್ಕೆ ಮರಳಿರುವ ನಿಮ್ಮ ಚಿತ್ರಗಳು ಪಠ್ಯಪುಸ್ತಕದ ರೇಖಾಚಿತ್ರಗಳಂತೆ ಬಿಗಿಯಾಗಿ, ಬಣ್ಣಗಳು ಮಂಕಾಗಿ ಬರುತ್ತಿರುವುದಕ್ಕೆ ಕೈಯ ಅಭ್ಯಾಸ ತಪ್ಪಿದ್ದಕ್ಕಿಂತ ಹೆಚ್ಚಾಗಿ, ಕಂಡ ಪ್ರತಿಯೊಂದು ವಿವರವನ್ನೂ ದಾಖಲಿಸಲೇಬೇಕೆಂಬ ವೃತ್ತಿಯ ಶಿಸ್ತೇ ಕಾರಣವಿರಬೇಕು. ಪ್ರಯೋಗಾಲಯದಿಂದ ಬಂದ ನನ್ನನ್ನೂ ಅದೇ ಕಾಡಿತ್ತು.

ಮೊದಲು ಪೆನ್ಸಿಲನ್ನು ಬದಿಗಿಟ್ಟು, ಕಣ್ಣನ್ನು ಅರೆಮುಚ್ಚಿ ವಸ್ತುವನ್ನು ನೋಡಿ, ಬೆಳಕು, ನಡುಛಾಯೆ, ಕತ್ತಲು ಎಂಬ ಮೂರೇ ಹಂತಗಳಲ್ಲಿ, ಒಂದೇ ಬಣ್ಣದಿಂದ ಅಂಗೈಯಗಲದ ಚಿತ್ರಗಳನ್ನು ಬರೆಯಿರಿ. ಕುಂಚ ದೊಡ್ಡದಿರಲಿ, ಏಕೆಂದರೆ ಸಣ್ಣ ಕುಂಚ ಕೈಗೆ ಸಿಕ್ಕೊಡನೆ ಹಳೆಯ ಚಾಳಿ ಮರಳುತ್ತದೆ. ಇದು ಹಿಡಿತಕ್ಕೆ ಬಂದ ಮೇಲೆ ಒಂದು ಹಳದಿ, ಒಂದು ಕೆಂಪು, ಒಂದು ನೀಲಿ ಮಾತ್ರ ಬಳಸಿ. ಹಾಕಿದ ಪದರ ಪೂರ್ತಿ ಒಣಗುವ ಮುನ್ನ ಅದನ್ನು ತಿದ್ದಲು ಹೋಗಬೇಡಿ. ಬಣ್ಣ ಕೆಸರಾಗುವುದು ಬಹುತೇಕ ಅಲ್ಲಿಯೇ. ತೆಳುವಾದ ಕಾಗದ ಸುಕ್ಕುಗಟ್ಟಿ ನೀರು ಅಲ್ಲಲ್ಲಿ ನಿಲ್ಲುವುದರಿಂದ, ಚದರ ಮೀಟರಿಗೆ 300 ಗ್ರಾಂ ತೂಕದ ಹತ್ತಿಯ ಕಾಗದವನ್ನೇ ಕೊಳ್ಳಿ.

ಚಿತ್ರಗಳನ್ನು ನೋಡದೆ ಖಚಿತವಾಗಿ ಹೇಳಲಾರೆನಾದರೂ, ಮುಖ್ಯವಾಗಿ ನೀಲಿಯೇ ಮಂಕಾಗಿ ತೋರುತ್ತಿದ್ದರೆ ಪೊರೆ ಬಂದಿದೆಯೇ ಎಂದು ಕಣ್ಣನ್ನೂ ಪರೀಕ್ಷೆ ಮಾಡಿಸಿಕೊಳ್ಳಿ. ಕಣ್ಣೊಳಗಿನ ಮಸೂರ ಹಳದಿಗಟ್ಟಿದಾಗ ಹೀಗಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.