ಕಲಬುರಗಿ ಬಿಸಿಲಿಗೆ ಶಿಟ್ಜು ನಾಯಿ ತಡೆಯುತ್ತದಾ?

ಪ್ರಶ್ನೆ: ಮಗಳ ಹಟಕ್ಕೆ ಶಿಟ್ಜು ಮರಿ ತಂದೆವು. ಈಗ ಎಂಟು ತಿಂಗಳು. ಏಪ್ರಿಲ್‌ನಿಂದ ದಿನವಿಡೀ ತೇಕುತ್ತದೆ. ಕೂದಲು ಪೂರ್ತಿ ಬೋಳಿಸಿ ಅಂತಾರೆ ಪಕ್ಕದ ಮನೆಯವರು. ಬೋಳಿಸಲಾ?
– ಓದುಗ ತಾಯಿ, ಕಲಬುರಗಿ

ಉತ್ತರ: ಬೋಳಿಸಬೇಡಿ ಅಕ್ಕಾ, ಚರ್ಮ ಬಿಸಿಲಿಗೆ ಸುಡುತ್ತದೆ. ಒಂದಿಂಚು ಬಿಟ್ಟು ಕತ್ತರಿಸಿದರೆ ಸಾಕು. ನಿಜವಾದ ತೊಂದರೆ ಕೂದಲಲ್ಲಿಲ್ಲ, ಮೂತಿಯಲ್ಲಿದೆ. ನಾಯಿ ಮೈಯ ಬಿಸಿ ಕಳೆದುಕೊಳ್ಳುವುದೇ ಮುಖ್ಯವಾಗಿ ತೇಕಿ, ಆದರೆ ಶಿಟ್ಜುವಿನ ಮೂತಿ ಚಪ್ಪಟೆ, ಉಸಿರಿನ ದಾರಿ ಇಕ್ಕಟ್ಟು, ಹಾಗಾಗಿ ಎಷ್ಟು ತೇಕಿದರೂ ಬಿಸಿ ಸರಿಯಾಗಿ ಹೊರಗೆ ಹೋಗಲ್ಲ. ಟಿಬೆಟ್ ಮೂಲದ, ಚೀನಾದ ಅರಮನೆಯಲ್ಲಿ ಬೆಳೆದ ತಳಿ ಇದು. ನಮ್ಮಲ್ಲಿ ಮೇ ತಿಂಗಳಲ್ಲಿ 42 ಡಿಗ್ರಿ ಅಂದರೆ ಯಾರೂ ಬೆಚ್ಚಲ್ಲ, ಅದಕ್ಕೆ ಮಾತ್ರ ಅದು ಜೀವದ ಮಾತು.

ಬೆಳಿಗ್ಗೆ ಏಳರೊಳಗೆ ಅಡ್ಡಾಡಿಸಿ, ಆಮೇಲೆ ಹೊತ್ತು ಮುಳುಗಿದ ಮೇಲೆಯೇ. ಮಧ್ಯಾಹ್ನ ಶಹಾಬಾದ್ ಕಲ್ಲಿನ ನೆಲ ಒರೆಸಿ, ಕೂಲರ್ ಹಚ್ಚಿದ ಕೋಣೆಯಲ್ಲಿ ಬಿಡಿ. ಮಾಳಿಗೆ ಮೇಲೆ ಕಟ್ಟಲೇಬೇಡಿ. ಜೊಲ್ಲು ಜಾಸ್ತಿಯಾಗಿ, ನಾಲಿಗೆ ಕಡುಕೆಂಪಾಗಿ, ತೂರಾಡಿದರೆ ತಡ ಮಾಡಬೇಡಿ. ಮೈಮೇಲೆ ತಣ್ಣೀರು ಸುರಿಯುತ್ತಾ, ಫ್ಯಾನ್ ಗಾಳಿ ಕೊಟ್ಟು, ಕೂಡಲೇ ಪಶುವೈದ್ಯರ ಹತ್ತಿರ ಒಯ್ಯಿರಿ.

ಇನ್ನೊಂದು, ಊಟ. ಬರೀ ರೊಟ್ಟಿ ಸಾಲಲ್ಲ, ಬೇಯಿಸಿದ ಕೋಳಿ, ಮೊಟ್ಟೆ ಬೇಕು. ಪಲ್ಯದಲ್ಲಿನ ಉಳ್ಳಾಗಡ್ಡಿ ನಾಯಿಗೆ ವಿಷ, ದ್ರಾಕ್ಷಿಯೂ ಅಷ್ಟೇ. ಕಣ್ಣಿಗೆ ಬೀಳುವ ಕೂದಲನ್ನು ಮಾತ್ರ ದಿನಾ ಮೇಲಕ್ಕೆ ಕಟ್ಟಿ, ಆ ಕೆಲಸ ಮಗಳಿಗೇ ಒಪ್ಪಿಸಿ.