ಎಲೆಕೋಸಿನ ಸಸಿ ಬುಡದಲ್ಲೇ ಬಾಗಿ ಬೀಳುತ್ತಿದ್ದರೆ

ತಾಳವಾಡಿಯಲ್ಲಿ ಶಿವರಾತ್ರಿ ಕಳೆದ ಮೇಲೆ ಟ್ರೇನಲ್ಲಿ ಹಾಕಿದ ಎಲೆಕೋಸು, ಹೂಕೋಸಿನ ಸಸಿಗಳು ಎರಡು ಎಲೆ ಬಿಟ್ಟು ಮಲಗುತ್ತಿವೆ ಅಂದಿರಲ್ಲ, ಅದು ಬಹುಶಃ ಬುಡ ಕೊಳೆ ರೋಗ. ಬಿದ್ದ ಒಂದು ಸಸಿ ಕಿತ್ತು ನೋಡಿ. ಮಣ್ಣಿಗೆ ತಾಗುವ ಕಡೆ ಕಾಂಡ ನೀರು ಕುಡಿದ ದಾರದ ಹಾಗೆ ಸಣ್ಣಗಾಗಿ, ಕಂದು ಬಣ್ಣಕ್ಕೆ ತಿರುಗಿದ್ದರೆ ಅದೇ. ಬುಡ ಗಟ್ಟಿಯಿದ್ದು ಸಸಿ ಸುಮ್ನೆ ಉದ್ದವಾಗಿ ಬಾಗಿದ್ದರೆ ಬೆಳಕು ಸಾಲುತ್ತಿಲ್ಲ, ಅಷ್ಟೇ.

ಕೊಳೆಯೇ ಆಗಿದ್ದರೆ ಬಿದ್ದವು ಬದುಕುವುದಿಲ್ಲ. ಅವನ್ನು ಮಣ್ಣಿನ ಸಮೇತ ಇವತ್ತೇ ತೆಗೆಯಿರಿ. ನೀರು ಹಾಕುವುದನ್ನು ನಿಲ್ಲಿಸಿ. ಮೇಲ್ಪದರ ಬೆರಳಿಗೆ ಒಣಗಿದ್ದು ಗೊತ್ತಾದ ಮೇಲೆ, ಬೆಳಿಗ್ಗೆ ಮಾತ್ರ ಕೊಡಿ. ಸಂಜೆ ಬೇಡ. ಉಳಿದ ಸಸಿಗಳ ಬುಡಕ್ಕೆ ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ (ತಾಮ್ರದ ಶಿಲೀಂಧ್ರನಾಶಕ) ಕಲಸಿ ಒಮ್ಮೆ ಹಾಕಿ. ಅದರ ಜೊತೆ ಟ್ರೈಕೋಡರ್ಮಾ (ರೋಗ ತಡೆಯುವ ಉಪಕಾರಿ ಶಿಲೀಂಧ್ರ) ಹಾಕಬೇಡಿ, ತಾಮ್ರ ಅದನ್ನೂ ಕೊಲ್ಲಬಹುದು.

ಮತ್ತೆ ಬಿತ್ತುವುದಾದರೆ ಹಳೇ ಮಣ್ಣು ಬಿಡಿ. ಟ್ರೇ ತೊಳೆದು ಒಣಗಿಸಿ, ಹೊಸ ತೆಂಗಿನ ನಾರಿನ ಪುಡಿ ತುಂಬಿ, ಗುಳಿಗೊಂದೇ ಬೀಜ ಅರ್ಧ ಸೆಂಟಿಮೀಟರ್ ಆಳಕ್ಕೆ ಹಾಕಿ. ಬೆಳಗಿನ ಬಿಸಿಲು ಬೀಳಲಿ, ಮಧ್ಯಾಹ್ನ ನೆರಳು ಬಲೆ ಇರಲಿ.

ಹೂಕೋಸನ್ನು ಮಾತ್ರ ಈಗ ಮತ್ತೆ ಹಾಕಬೇಡಿ. ನಾಟಿಗೆ ಬರಲು ನಾಲ್ಕು ವಾರ ಬೇಕು, ಅಷ್ಟರಲ್ಲಿ ಬಿಸಿಲು ಜಾಸ್ತಿಯಾಗಿ ಹೂವು ಸರಿಯಾಗಿ ಕಟ್ಟುವುದಿಲ್ಲ. ನಿಮ್ಮ ಶ್ರಮ ವ್ಯರ್ಥವಾಗಬಾರದು ಅಲ್ವಾ? ಅದರ ಬದಲು ನವಿಲುಕೋಸು ಹಾಕಿ. ನೆಟ್ಟ ಐವತ್ತು ದಿನದೊಳಗೆ ಗಡ್ಡೆ ಸಿಗುತ್ತದೆ. ಟೆನಿಸ್ ಚೆಂಡಿನಷ್ಟಾದಾಗಲೇ ಕೀಳಿ, ಬಿಟ್ಟರೆ ನಾರಾಗುತ್ತದೆ.